ನಿಯೋಗಿ ಸರ್ ದನಿಯಲ್ಲಿ

ಡಿಸೆಂಬರಿನ ಇಂಟರ್ನಲ್ ಪರೀಕ್ಷೆಯಲ್ಲಿ ನಿಯೋಗಿ ಸರ್ ನನಗೆ ಇಪ್ಪತ್ತಕ್ಕೆ ನಾಲ್ಕು ಕೊಟ್ಟರು. ಅದರಲ್ಲೂ ಎರಡು ನನ್ನ ದುಂಡಗಿನ ಕೈಬರಹಕ್ಕೇ ಇರಬೇಕು. ಉತ್ತರ ಎಂದು ಕರೆಯುವಂಥದ್ದು ಆ ಹಾಳೆಯಲ್ಲಿ ಏನೂ ಇರಲಿಲ್ಲ. ಎರಡನೆಯ ಇಂಟರ್ನಲ್ ಫೆಬ್ರವರಿಯ ಕೊನೆಯ ವಾರ. ಎರಡೂ ಸೇರಿ ನಲವತ್ತಕ್ಕೆ ಹದಿನಾರು ಆಗದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಮುಂದಿನ ವರ್ಷ ಹೊಸಬರ ನಡುವೆ ಕುಳಿತು ಅದೇ ಪಾಠವನ್ನು ಮತ್ತೆ ಕೇಳಬೇಕು. ಕೇಳುವುದಕ್ಕೇನು, ಮೊದಲ ಸಲವೂ ಕಿವಿತುಂಬ ಕೇಳಿದ್ದೆ. ಅರ್ಥವಾಗಿರಲಿಲ್ಲ, ಅಷ್ಟೆ.

ಕಲ್ಕತ್ತಾಗೆ ಬಂದು ಆಗ ಏಳು ತಿಂಗಳು. ಅಪ್ಪ ಬದರಿನಾಥ, ಬ್ಯಾಂಕಿನಲ್ಲಿ ಅಧಿಕಾರಿ. ಮೈಸೂರಿನಿಂದ ವರ್ಗವಾಯಿತು. ನನ್ನ ಪಿಯುಸಿ ಮುಗಿಯುವುದಕ್ಕೂ ಅವರ ಆರ್ಡರ್ ಬರುವುದಕ್ಕೂ ಸರಿಹೋಗಿ, ಬೆಹಾಲಾದ ಬಾಡಿಗೆ ಫ್ಲ್ಯಾಟಿಗೆ ಸಾಮಾನುಗಳ ಜೊತೆ ನಾನೂ ಇಳಿದೆ. ಟಾಲಿಗಂಜ್ ಕಡೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಸೀಟು ಸಿಕ್ಕಿತು. ಶಾಸ್ತ್ರವೇನೋ ಸಿಕ್ಕಿತು, ಅರ್ಥ ಮಾತ್ರ ಬಂಗಾಳಿಯವರ ಹತ್ತಿರವೇ ಉಳಿಯಿತು.

ನಿಯೋಗಿ ಸರ್ ಪಾಠ ಶುರುವಾಗುವುದು ಇಂಗ್ಲಿಷಿನಲ್ಲಿ. ಗುಡ್ ಮಾರ್ನಿಂಗ್ ಆದ ಮೇಲೆ ಸರಿಯಾಗಿ ಎರಡು ವಾಕ್ಯ. ಮೂರನೆಯದಕ್ಕೆ ಮುಂಚೆ ಅವರು ಕನ್ನಡಕವನ್ನು ಹಣೆಗೇರಿಸಿ ‘ದೇಖೋ...’ ಎನ್ನುತ್ತಾರೆ. ನೋಡಿ ಎಂದರ್ಥ. ಅಲ್ಲಿಂದಾಚೆ ನನಗೆ ನೋಡುವುದೊಂದೇ ಕೆಲಸ. ನಲವತ್ತೈದು ನಿಮಿಷ ಅಪ್ಪಟ ಬಂಗಾಳಿ. ಬಂಗಾಳದ ಸೆಣಬಿನ ಗಿರಣಿಗಳ ಅರ್ಥಶಾಸ್ತ್ರ ಅವರ ವಿಷಯ. ಮೂವತ್ತು ವರ್ಷ ಗಿರಣಿ ಗಿರಣಿ ಸುತ್ತಿ ತಾವೇ ಬರೆದುಕೊಂಡ ಟಿಪ್ಪಣಿ. ಯಾವ ಪುಸ್ತಕದಲ್ಲೂ ಇಲ್ಲ, ಯಾವ ಸೈಟಿನಲ್ಲೂ ಇಲ್ಲ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೇ ಇರುತ್ತದೆ, ಉತ್ತರ ಇರುವುದು ಅವರ ಬಂಗಾಳಿಯ ಒಳಗೆ. ರೆಕಾರ್ಡ್ ಮಾಡೋಣವೆಂದರೆ ಎಲ್ಲರ ಮೊಬೈಲುಗಳೂ ಬಾಗಿಲ ಬಳಿಯ ಬಿಸ್ಕತ್ತಿನ ಡಬ್ಬಿಗೆ ಬೀಳಬೇಕು.

ನನಗೊಂದು ಕೆಟ್ಟ ವರವಿದೆ. ಯಾರ ದನಿಯನ್ನು ನಾಲ್ಕು ಸಲ ಕೇಳಿದರೂ ಅದು ನನ್ನ ನಾಲಿಗೆಗೆ ಅಂಟಿಕೊಳ್ಳುತ್ತದೆ. ಮೈಸೂರಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಫೋನು ಮಾಡಿ ಒಂದು ಟೆಸ್ಟನ್ನೇ ಮುಂದೂಡಿಸಿದ್ದೆ. ಇಲ್ಲಿ ನಿಯೋಗಿ ಸರ್ ಅಂಟಿಕೊಂಡರು. ಉಸಿರು, ಕೆಮ್ಮು, ವಾಕ್ಯದ ಕೊನೆಯಲ್ಲಿ ‘ಬುಝ್‌ಲೆ ತೋ?’ ಎಂದು ಕೇಳುವ ರಾಗ, ಎಲ್ಲವೂ. ಅರ್ಥವಾಯಿತು ತಾನೆ ಎಂದು ಅವರು ಕೇಳುತ್ತಿದ್ದಾರೆಂಬ ಒಂದು ಸಂಗತಿ ಮಾತ್ರ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಈ ನಕಲಿನಿಂದಲೇ ಮೊಹುಲ್‌ಳ ಗುಂಪಿಗೆ ದಾರಿ ಸಿಕ್ಕಿತು. ಮೊಹುಲ್ ನಮ್ಮ ತರಗತಿಯ ಮೊದಲ ರ್‍ಯಾಂಕಿನವಳು. ಅವಳು, ಅವಳ ಗೆಳತಿ ತಿಯಾಶಾ, ಸ್ವಾಗ್ನಿಕ್ ಎಂಬ ಉದ್ದ ಜುಟ್ಟಿನ ಹುಡುಗ, ಹೀಗೆ ನಾಲ್ಕೈದು ಜನ ಸೇರಿ ಒಂದು ಪಾಳಿ ಮಾಡಿಕೊಂಡಿದ್ದರು. ವಾರಕ್ಕೊಬ್ಬರು ನಿಯೋಗಿ ಸರ್ ಪಾಠವನ್ನು ಇಂಗ್ಲಿಷಿಗೆ ಇಳಿಸಿ ಬರೆಯಬೇಕು, ಉಳಿದವರಿಗೆ ಜೆರಾಕ್ಸ್. ಆ ಜೆರಾಕ್ಸ್ ನನಗೆ ಬೇಕಿತ್ತು. ಆಮ್ಲಜನಕದಷ್ಟು ಬೇಕಿತ್ತು ಎಂದು ಬರೆದರೆ ಅತಿಯಾದೀತು. ಬೇಕಿತ್ತು.

ಕ್ಯಾಂಟೀನಿನಲ್ಲಿ ಅವರ ಮಾತು ಅರ್ಧ ಇಂಗ್ಲಿಷ್, ಕಾಲು ಹಿಂದಿ, ಉಳಿದದ್ದು ನನಗೆ ಸಿಗದ ನಗು. ಸಿಕ್ಕಿದ್ದನ್ನು ನನ್ನ ಕನ್ನಡಕ್ಕೆ ಹಾಕಿ ಬರೆಯುತ್ತಿದ್ದೇನೆ.

“ಇಂಚೊರಾ, ಪಾಳಿಗೆ ನೀನು ಏನು ಕೊಡ್ತೀಯ?” ಎಂದಳು ಮೊಹುಲ್. ಇಂಚರ ಎಂಬ ನನ್ನ ಹೆಸರು ಇವರ ಬಾಯಲ್ಲಿ ಇಂಚೊರಾ ಆಗಿತ್ತು. ಊರಲ್ಲಿ ಹಕ್ಕಿಯಾಗಿದ್ದವಳು ಇಲ್ಲಿ ಅರ್ಧ ಚೋರಳಾಗಿದ್ದೆ.

“ಪಾಠ ಬರೆಯೋಕಂತೂ ಆಗಲ್ಲ. ಅರ್ಥ ಆಗಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?”

“ಮತ್ತೆ ಅದೇನೋ ಮಾಡ್ತೀಯಂತಲ್ಲ, ತಿಯಾಶಾ ಹೇಳಿದ್ಳು.”

ಮಾಡಿದೆ. ಕಾಲ್ಪನಿಕ ಕನ್ನಡಕವನ್ನು ಹಣೆಗೇರಿಸಿ ‘ದೇಖೋ...’ ಎಂದೊಡನೆ ಸ್ವಾಗ್ನಿಕ್ ಬಾಯಲ್ಲಿದ್ದ ಚಹಾವನ್ನು ತಿಯಾಶಾಳ ಶಾಲಿನ ಮೇಲೆ ಬಿಟ್ಟ. ಅಂದಿನಿಂದ ನನ್ನ ಪಾಲು ಹಾಸ್ಯ ಎಂದು ತೀರ್ಮಾನವಾಯಿತು. ದಿನವೂ ಮಧ್ಯಾಹ್ನ ನಿಯೋಗಿ ಸರ್ ಆಗಬೇಕು. ಬೇಡಿಕೆ ಬಂದ ದಿನ ‘ಸೌತ್ ಇಂಡಿಯನ್’ ಕೂಡ ಆಗಬೇಕು. ಅದು ನನಗೆ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಹಾಗೆ ತಲೆ ಕುಣಿಸಿ ‘ಅಯ್ಯಯ್ಯೋ ಸಾಂಬಾರ್’ ಎನ್ನುವುದಿಲ್ಲ. ಸ್ವಾಗ್ನಿಕ್ ಮಾಡಿ ತೋರಿಸಿದ. ಅವನು ಮಾಡುವ ನಮ್ಮ ನಕಲನ್ನು ನಾನು ನಕಲು ಮಾಡಿ ಕಲಿತೆ. ಮೂರು ವಾರದ ಜೆರಾಕ್ಸ್ ಬಂತು. ಸೆಣಬಿನ ಗಿರಣಿ ಮೊದಲ ಸಲ ನನ್ನ ತಲೆಯೊಳಗೆ ತಿರುಗಿತು.

ಹೀಗಿರುವಾಗ ಸಂಕ್ರಾಂತಿ ಬಂತು.

ಅಮ್ಮ ವಾಸಂತಿ ಎಳ್ಳು ಬೀರುವುದನ್ನು ಬಿಟ್ಟವಳಲ್ಲ. ಬೀರಲು ಬೆಹಾಲಾದಲ್ಲಿ ಮನೆಗಳೇ ಇಲ್ಲದ ಕಾರಣ ಪೊಟ್ಟಣಗಳೆಲ್ಲ ನನ್ನ ಬ್ಯಾಗಿಗೆ ಬಂದವು. ಜೊತೆಗೆ ನಂಜನಗೂಡಿನಿಂದ ಅಜ್ಜಿ ಕೊರಿಯರ್ ಮಾಡಿದ್ದ ಎಲಚಿ ವಡೆಯ ಡಬ್ಬಿ. ಎಲಚಿ ಹಣ್ಣನ್ನು ಬೆಲ್ಲ, ಒಣಮೆಣಸಿನಕಾಯಿ, ಉಪ್ಪು, ಇಂಗಿನ ಜೊತೆ ಕುಟ್ಟಿ, ತಟ್ಟಿ, ಬಿಸಿಲಲ್ಲಿ ಒಣಗಿಸಿದ ಕಂದು ಬಿಲ್ಲೆಗಳು.

“ಇಷ್ಟೊಂದಾ ಅಮ್ಮಾ? ಡಬ್ಬಿ ಪೂರ್ತಿ ಯಾಕೆ?”

“ನೋಟ್ಸ್ ಕೊಡೋ ಮಕ್ಕಳು ಕಣೆ. ಬರಿಗೈಲಿ ಹೋಗ್ತಾರಾ?”

ಎಳ್ಳನ್ನು ಅವರು ಮರ್ಯಾದೆಗೆ ತಿಂದರು, ವಡೆಯನ್ನು ಮುಗಿಬಿದ್ದು ತಿಂದರು. ಹುಳಿ, ಖಾರ, ಸಿಹಿ ಒಟ್ಟಿಗೆ ಬಂದರೆ ಈ ಊರಿನವರು ಕರಗಿಹೋಗುತ್ತಾರೆ. ಮೊಹುಲ್ ಒಬ್ಬಳೇ ಐದು ತಿಂದಳು. ಇದು ಹುಣಸೆಯಾ ಎಂದು ಕೇಳಿದರು. ಅಲ್ಲ, ಒಂದು ಹಣ್ಣು, ಇಂಗ್ಲಿಷಿನಲ್ಲಿ ಏನೋ ಗೊತ್ತಿಲ್ಲ ಎಂದೆ. ಮೂರು ದಿನದಲ್ಲಿ ಡಬ್ಬಿ ಖಾಲಿ. ತಿಯಾಶಾ ತಳದ ಪುಡಿಯನ್ನೂ ಬೆರಳಲ್ಲಿ ತೆಗೆದು ತಿಂದಳು. ನಾನು ಒಳಗೊಳಗೇ ಅಜ್ಜಿಗೆ ನಮಸ್ಕಾರ ಹಾಕಿದೆ.

ಮುಂದಿನ ವಾರ ಎಲ್ಲರೂ ಒಟ್ಟಿಗೆ ಗೇಟಿನಿಂದ ಹೊರಬರುತ್ತಿದ್ದೆವು. ಕೈಗಾಡಿಯೊಂದರಲ್ಲಿ ಎಲಚಿ ಹಣ್ಣು ರಾಶಿ ಹಾಕಿತ್ತು. ನನಗೆ ಊರೇ ಎದುರು ಬಂದಂತಾಯಿತು.

“ನೋಡಿ, ಇದೇ. ನೀವು ತಿಂದ್ರಲ್ಲ, ಅದು ಇದರದ್ದೇ.”

ಒಂದು ಬಸ್ಸು ಹೋಯಿತು. ಇನ್ನೊಂದು ಬಸ್ಸು ಬಂತು.

“ಕುಲ್?” ಎಂದಳು ಮೊಹುಲ್. “ನಮಗೆ ಕುಲ್ ತಿನ್ನಿಸಿದ್ಯಾ?”

ವಿಷಯ ಏನೆಂದರೆ, ಕುಲ್ ಎಂದರೆ ಎಲಚಿ. ಸರಸ್ವತಿ ಪೂಜೆಯ ದಿನ ದೇವಿಯ ಮುಂದಿಟ್ಟು ಪೂಜೆ ಮುಗಿಯುವ ತನಕ ಇಲ್ಲಿನ ವಿದ್ಯಾರ್ಥಿಗಳು ಅದನ್ನು ಬಾಯಿಗೆ ಹಾಕುವುದಿಲ್ಲ. ಹಾಕಿದರೆ ಪರೀಕ್ಷೆ ಹೋಯಿತೆಂದೇ ಲೆಕ್ಕ. ಎಲ್‌ಕೆಜಿ ಮಗುವಿಗೂ ಇದು ಗೊತ್ತು. ನಮ್ಮಲ್ಲೋ, ಸಂಕ್ರಾಂತಿಗೆ ಮಕ್ಕಳ ತಲೆಯ ಮೇಲೇ ಎಲಚಿ ಸುರಿಯುತ್ತಾರೆ. ಸರಸ್ವತಿಗೂ ಎಲಚಿಗೂ ಸಂಬಂಧವಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಆ ವರ್ಷದ ಪೂಜೆಗೆ ಇನ್ನೂ ಹತ್ತು ದಿನವಿತ್ತು.

“ನಾವೇನು ಇದನ್ನೆಲ್ಲ ನಂಬಲ್ಲ,” ಎಂದ ಸ್ವಾಗ್ನಿಕ್, “ಆದರೆ ತಿನ್ನೋದೂ ಇಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಕುಲ್ ತಿನ್ನಿಸಿ ಕುಲ ಕೆಡಿಸಿದವಳು ಎಂದು ಮನಸ್ಸಿನಲ್ಲೇ ಒಂದು ಹಾಸ್ಯ ಮಾಡಿಕೊಂಡೆ. ಹಂಚಿಕೊಳ್ಳಲು ಕನ್ನಡ ಬರುವವರು ಪಕ್ಕದಲ್ಲಿರಲಿಲ್ಲ.

ಮರುದಿನದಿಂದ ಏನಾದರೂ ಅದು ನನ್ನ ಎಲಚಿಯದೇ. ತಿಯಾಶಾಳಿಗೆ ಸ್ಟ್ಯಾಟಿಸ್ಟಿಕ್ಸ್ ಕಿರುಪರೀಕ್ಷೆಯಲ್ಲಿ ಆರು ಬಂತು, ಎಲಚಿ. ಸ್ವಾಗ್ನಿಕನ ಮೊಬೈಲು ಮೆಟ್ರೋ ಮೆಟ್ಟಿಲ ಮೇಲೆ ಬಿದ್ದು ಒಡೆಯಿತು, ಎಲಚಿ. ಮೊಹುಲ್‌ಗೆ ನೆಗಡಿ, ಅದೂ ನಂಜನಗೂಡಿನಿಂದಲೇ ಬಂದದ್ದು. ಪೂಜೆ ಮುಗಿಯುವ ತನಕ ನಮ್ಮ ಪುಸ್ತಕ ಮುಟ್ಟಬೇಡಮ್ಮ ದೇವಿ, ಎಂದು ಕೈಮುಗಿದು ನಗುತ್ತಿದ್ದರು. ಆ ವಾರದ ಜೆರಾಕ್ಸ್ ಬರಲಿಲ್ಲ.

ಪೂಜೆ ಬಂತು. ಹಳದಿ ಸೀರೆ ಉಟ್ಟು ಬಾ ಎಂದರು. ಅಮ್ಮನ ರೇಷ್ಮೆ ಸೀರೆಯನ್ನು ಹನ್ನೆರಡು ಪಿನ್ನುಗಳ ಆಧಾರದ ಮೇಲೆ ಉಟ್ಟು, ಶೇರ್ ಆಟೋದಲ್ಲಿ ಚಾಲಕನ ಪಕ್ಕದ ಅರ್ಧ ಸೀಟಿನಲ್ಲಿ ಕೂತು ಹೋದೆ. ಹೂ ಹಾಕಿದೆ, ಕಿಚಡಿ ತಿಂದೆ, ನೈವೇದ್ಯವಾದ ಎಲಚಿಯನ್ನು ಎಲ್ಲರೆದುರು ತಿಂದು ತೋರಿಸಿದೆ. ಕೇಳಿದ್ದಕ್ಕೆ ಎರಡು ಸಲ ‘ಅಯ್ಯಯ್ಯೋ ಸಾಂಬಾರ್’ ಕೂಡ ಮಾಡಿದೆ. ಮರುದಿನ ಮೊಹುಲ್‌ಳನ್ನು ಹಿಡಿದೆ.

“ಪೂಜೆ ಆಯ್ತಲ್ಲ. ಎರಡು ವಾರದ್ದು ಕೊಡ್ತೀಯಾ?”

“ಅಯ್ಯೋ, ನಿನಗೆ ಹೇಳಲೇ ಇಲ್ಲವಾ? ಪಾಳಿಯನ್ನ ಬದಲಾಯಿಸಿದ್ವಿ. ಈಗ ನಾವು ನಾಲ್ಕೇ ಜನ. ಜೆರಾಕ್ಸ್ ಬೇಡ ಅಂತ ಕೈಯಿಂದ ಕೈಗೆ ಕೊಡ್ತಿದೀವಿ, ಲೀಕ್ ಆಗ್ತಿತ್ತು.”

“ನನ್ನನ್ನ ತೆಗೆದುಬಿಟ್ರಾ?”

“ತೆಗೆದದ್ದಲ್ಲ, ಇಂಚೊರಾ. ಹೊಸದಾಗಿ ಬರೆಯುವಾಗ ನಿನ್ನ ಹೆಸರು ಬರೀಲಿಲ್ಲ ಅಷ್ಟೆ. ಬೇಜಾರಾ? ಮುಖ ನೋಡು ಹೇಗೆ ಮಾಡ್ಕೊಂಡಿದಾಳೆ.” ಕೆನ್ನೆ ಹಿಂಡಿ ಹೋದಳು.

ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು. ಯಾರಾದರೂ ಒಂದು ಕೆಟ್ಟ ಮಾತಾಡಿದ್ದರೆ ದೂರು ಬರೆಯಬಹುದಿತ್ತು. ಕೆನ್ನೆ ಹಿಂಡಿದರು ಎಂದು ಯಾರಿಗೆ ಬರೆಯುವುದು? ಒಂದೂವರೆ ತಿಂಗಳು ನಾನೇ ಅವರಿಗೆ ಕಲಿಸಿದ್ದೆ, ಇವಳಿಗೆ ಏನು ಮಾಡಿದರೂ ನಗುತ್ತಾಳೆ ಎಂದು.

ಪರೀಕ್ಷೆಗೆ ಹದಿನೆಂಟು ದಿನವಿತ್ತು. ನಿಯೋಗಿ ಸರ್ ಕೋಣೆಗೆ ಹೋದೆ.

ಒಳ್ಳೆಯ ಮನುಷ್ಯ. ಕೂರಿಸಿದರು, ಹಾಲಿಲ್ಲದ ಕೆಂಪು ಚಹಾ ತರಿಸಿದರು. “ಸರ್, ನನಗೆ ಬಂಗಾಳಿ ಬರಲ್ಲ. ದಯವಿಟ್ಟು ಪಾಠ ಸ್ವಲ್ಪ ಇಂಗ್ಲಿಷಲ್ಲಿ ಮಾಡಿದರೆ...” ಎಂದೆ. ಅವರು ಹಣೆಯ ಮೇಲಿನ ಕನ್ನಡಕವನ್ನು ಮೂಗಿಗಿಳಿಸಿ ನೋಡಿದರು.

“ನೀನೇ ಅಲ್ವಾ ಆ ಹುಡುಗಿ? ನನ್ನ ನಕಲು ಮಾಡ್ತೀಯಂತೆ. ಸ್ಟಾಫ್ ರೂಮಿಗೆಲ್ಲ ಸುದ್ದಿ ಬಂದಿದೆ.”

ನೆಲ ಬಿರಿಯಲಿ ಎಂದುಕೊಂಡೆ. ಬಿರಿಯಲಿಲ್ಲ, ಎರಡನೆಯ ಮಹಡಿ.

“ಮಾಡು ನೋಡೋಣ.”

“ಬೇಡ ಸರ್.”

“ಮಾಡಮ್ಮ. ನನಗೆ ಬೇಜಾರಿಲ್ಲ. ಮೂವತ್ತು ವರ್ಷದಿಂದ ನನ್ನ ಪಾಠ ನಾನು ಕೇಳೇ ಇಲ್ಲ.”

ಇಂಗ್ಲಿಷಿನ ಆಸೆಗೆ ಮಾಡಿದೆ. ಜನವರಿ ಒಂಬತ್ತರ ಪಾಠವನ್ನು ‘ದೇಖೋ’ದಿಂದ ಶುರು ಮಾಡಿ, ಕೆಮ್ಮು ಬರುವ ಕಡೆ ಕೆಮ್ಮಿ, ಸೀಮೆಸುಣ್ಣ ಮುರಿಯುವ ಕಡೆ ಬೆರಳು ಚಿಟಿಕೆ ಹೊಡೆದು, ಏಳೆಂಟು ನಿಮಿಷ ಒಂದೇ ಓಘದಲ್ಲಿ ಒಪ್ಪಿಸಿದೆ. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪಕ್ಕದ ಕೋಣೆಯಿಂದ ಇನ್ನೊಬ್ಬ ಪ್ರೊಫೆಸರನ್ನು ಕರೆದು ಅವರ ಮುಂದೆ ಮತ್ತೊಮ್ಮೆ ಮಾಡಿಸಿದರು.

“ಕೇಳಿದ್ರಾ? ಒಂದು ಕ್ರಿಯಾಪದ ತಪ್ಪಿಲ್ಲ. ನನ್ನ ಮಗಳ ಬಾಯಲ್ಲಿ ಇಂಥ ಬಂಗಾಳಿ ಬರಲ್ಲ. ಇವಳು ಬಂದು ನನಗೆ ಬಂಗಾಳಿ ಬರಲ್ಲ ಅಂತಾಳೆ.”

“ಸರ್, ನಿಜವಾಗಿ ಅರ್ಥ ಗೊತ್ತಿಲ್ಲ. ಬರೀ ದನಿ ಅಷ್ಟೆ.”

“ದಕ್ಷಿಣದವರ ವಿನಯ,” ಎಂದರು ಇನ್ನೊಬ್ಬ ಪ್ರೊಫೆಸರ್, ಮೆಚ್ಚುಗೆಯಿಂದ.

ಮರುದಿನ ತರಗತಿಯಲ್ಲಿ ನಿಯೋಗಿ ಸರ್ ಘೋಷಿಸಿದರು: ಇಂಚೊರಾ ಒಂಬತ್ತು ತಿಂಗಳಲ್ಲಿ ಬಂಗಾಳಿ ಕಲಿತಿದ್ದಾಳೆ. ಇಷ್ಟು ದಿನ ಅವಳೊಬ್ಬಳಿಗೋಸ್ಕರ ಇಂಗ್ಲಿಷಿನಲ್ಲಿ ಶುರು ಮಾಡುತ್ತಿದ್ದೆ, ಇನ್ನು ಆ ಕಷ್ಟವಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಇದ್ದ ಎರಡು ಇಂಗ್ಲಿಷ್ ವಾಕ್ಯಗಳೂ ಹೋದವು.

ಅಂದು ಊಟಕ್ಕೆ ಕೂತಾಗ ಅಪ್ಪ ಅಮ್ಮನಿಗೆ ಎಲ್ಲ ಹೇಳಿ, ಪಾಠವನ್ನು ಒಪ್ಪಿಸಿದೆ. ಅಮ್ಮ ಪಲ್ಯದ ಸೌಟು ಹಿಡಿದು ನಿಂತೇ ಕೇಳಿದಳು.

“ದಾಮ್ ಅಂದ್ರೆ ರೇಟು. ಬೇಶಿ ಅಂದ್ರೆ ಜಾಸ್ತಿ. ಪೊಚಾ ಅಂದ್ಯಲ್ಲ, ಅದು ಕೊಳೆತಿರೋದು,” ಎಂದಳು. “ತರಕಾರಿ ವಿಷಯ ಕಣೆ ಇದು.”

“ಸೆಣಬಮ್ಮಾ.”

“ಹೌದಾ? ಸೆಣಬಿಗೂ ಪೊಚಾ ಅಂತಾರಾ? ನನಗೆ ಬದನೆಕಾಯಿ ತನಕ ಮಾತ್ರ ಗೊತ್ತು.”

ಅಪ್ಪ ತುತ್ತನ್ನು ಅರ್ಧಕ್ಕೆ ನಿಲ್ಲಿಸಿದರು. “ಆ ಉದ್ದದ ಪದ ಇನ್ನೊಂದ್ಸಲ ಹೇಳು. ಸ್ಥಿತಿಸ್ಥಾಪೊಕೊತಾ. ಅದು ನಮ್ಮ ಸ್ಥಿತಿಸ್ಥಾಪಕತೆನೇ ಅಲ್ವಾ? ನಮ್ಮ ಕನ್ನಡ ಮೀಡಿಯಮ್ ಪುಸ್ತಕದಲ್ಲಿತ್ತು.”

“ಹಾಗಂದ್ರೇನು?”

ಅಪ್ಪ ನನ್ನನ್ನು ನೋಡಿದ ರೀತಿ ನನಗೆ ಇಷ್ಟವಾಗಲಿಲ್ಲ. ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನ ಹಾಗಾಗೋದು, ಎಂದು ನಿಧಾನವಾಗಿ ಹೇಳಿ, “ಎರಡು ಭಾಷೆಲೂ ಹೋಯ್ತಲ್ಲೋ ಮರಿ,” ಎಂದರು. ಎಂಟು ನಿಮಿಷದ ಪಾಠದಿಂದ ನಾಲ್ಕು ಪದ ಸಿಕ್ಕವು. ನಾನು ಅನ್ನ ಬಿಟ್ಟು ಎದ್ದೆ.

ಪರೀಕ್ಷೆಗೆ ಹನ್ನೆರಡು ದಿನವಿರುವಾಗ, ಗುರುವಾರದ ಮೊದಲ ಪೀರಿಯಡ್ಡು. ನಿಯೋಗಿ ಸರ್ ಹಲಗೆಯ ಮೇಲೆ ಒಂದು ನಕ್ಷೆ ಬರೆದು ಅದರ ಮೇಲೆ ಬೆರಳಿಟ್ಟು ಏನೋ ಹೇಳಿದರು. ಎಲ್ಲರೂ ಬರೆದುಕೊಂಡರು. ಎಲ್ಲರೂ ಬರೆದುಕೊಂಡದ್ದೆಂದರೆ ಪರೀಕ್ಷೆಗೆ ಬರುವಂಥದ್ದು. ನಾನು ಕೈಯೆತ್ತಿದೆ.

“ಸರ್,” ಎಂದು ಅವರು ಹೇಳಿದ ವಾಕ್ಯವನ್ನು ಹೇಳಿದೆ. ಅದು ಅವರ ದನಿಯಲ್ಲೇ ಬಂತು. ನನ್ನ ದನಿಯಲ್ಲಿ ಹೇಳಲು ನನ್ನದೆಂಬ ಬಂಗಾಳಿ ನನ್ನಲ್ಲಿರಲಿಲ್ಲ. “ಇದರ ಅರ್ಥ ಏನು ಸರ್?”

ತರಗತಿ ಬಿದ್ದು ಬಿದ್ದು ನಕ್ಕಿತು. ಸರ್ ಕೂಡ ನಕ್ಕು, ಬೆರಳಾಡಿಸಿ ಕೂರಲು ಹೇಳಿ ಮುಂದಿನ ವಾಕ್ಯಕ್ಕೆ ಹೋದರು. ನಾನು ಕೂರಲಿಲ್ಲ. ಆ ಮುಂದಿನ ವಾಕ್ಯವನ್ನೂ ಅದೇ ಕೆಮ್ಮಿನ ಸಮೇತ ಹೇಳಿ, ಇದರ ಅರ್ಥ ಏನು ಸರ್ ಎಂದೆ. ನಗು ಸ್ವಲ್ಪ ಕಡಿಮೆಯಾಯಿತು. ಮೂರನೆಯ ಸಲ ಸ್ವಾಗ್ನಿಕ್ ಒಬ್ಬನೇ ನಕ್ಕ.

“ಹಾಸ್ಯಕ್ಕೂ ಒಂದು ಹೊತ್ತಿದೆ,” ಎಂದರು ಸರ್, ಇಂಗ್ಲಿಷಿನಲ್ಲಿ.

“ಹಾಸ್ಯ ಅಲ್ಲ ಸರ್. ನನಗೆ ಗೊತ್ತಿಲ್ಲ.”

ಅವರು ಸೀಮೆಸುಣ್ಣ ಕೆಳಗಿಟ್ಟರು. ನನ್ನ ಬೆಂಚಿನ ತನಕ ನಡೆದು ಬಂದು, ಎರಡು ಉಸಿರಿನಷ್ಟು ಉದ್ದದ ಒಂದು ಪ್ರಶ್ನೆಯನ್ನು ಬಂಗಾಳಿಯಲ್ಲಿ ವೇಗವಾಗಿ ಕೇಳಿದರು. ಅದರಲ್ಲಿ ದೋಣಿ ಎಂಬ ಪದ ಗೊತ್ತಾಯಿತು, ಏಕೆ ಎಂಬುದು ಗೊತ್ತಾಯಿತು. ಇಷ್ಟು ಸುಲಭವಾದದ್ದಕ್ಕೆ ಉತ್ತರಿಸದಿರಲು ಸಾಧ್ಯವಿಲ್ಲ ಎಂಬ ಮುಖದಲ್ಲಿ ಅವರು ಕಾದರು. ನಾನು ಆ ಪ್ರಶ್ನೆಯನ್ನೇ, ಅವರ ರಾಗದಲ್ಲೇ, ಒಂದಕ್ಷರ ಬಿಡದೆ ಅವರಿಗೆ ವಾಪಸ್ ಹೇಳಿದೆ. ಹೇಳಿ ನಿಂತೇ ಇದ್ದೆ. ಗಂಟಲು ಮಾತ್ರ ನನ್ನದೇ.

ಮೊಹುಲ್ ಹಿಂದೆ ತಿರುಗಿ ನನ್ನನ್ನು ನೋಡಿ, ಮತ್ತೆ ಮುಂದೆ ತಿರುಗಿದಳು.

“ಓ,” ಎಂದರು ನಿಯೋಗಿ ಸರ್.

ಹಲಗೆಯ ಬಳಿಗೆ ಹೋಗಿ, ನಕ್ಷೆಯ ಮೇಲೆ ಬೆರಳಿಟ್ಟು, ಇಂಗ್ಲಿಷಿನಲ್ಲಿ ಹೇಳತೊಡಗಿದರು. ಕಷ್ಟಪಟ್ಟರು. ಒಂದು ಪದಕ್ಕಾಗಿ ಛಾವಣಿಯನ್ನು ನೋಡುತ್ತ ಅರ್ಧ ನಿಮಿಷ ನಿಂತರು. ಇಂಗ್ಲಿಷಿನಲ್ಲಿ ಅವರ ದನಿಯೇ ಬೇರೆ. ಸಣ್ಣದು, ಎಚ್ಚರದ್ದು, ಅಂಗಡಿಯಲ್ಲಿ ಚಿಲ್ಲರೆ ಕೇಳುವಾಗ ನನ್ನ ದನಿ ಹೇಗಿರುತ್ತದೋ ಹಾಗೆ. ನಾನು ಬರೆದುಕೊಂಡೆ. ಹತ್ತು ನಿಮಿಷ ನಡೆಯಿತು. ಹನ್ನೊಂದನೆಯದರಲ್ಲಿ ಕನ್ನಡಕ ತಾನಾಗಿ ಹಣೆಗೇರಿತು. ‘ದೇಖೋ...’

ಕೈಯೆತ್ತಿದೆ.

ಅಂದು ಒಟ್ಟು ಹನ್ನೊಂದು ಸಲ ಎತ್ತಿದೆ. ಕೊನೆಯ ನಾಲ್ಕು ಸಲ ತರಗತಿಯಲ್ಲಿ ಯಾರೋ ಬೇಸರದಿಂದ ಲೊಚಗುಟ್ಟಿದರು. ಪಾಠ ಅರ್ಧವೂ ಮುಗಿಯಲಿಲ್ಲ. ಗಂಟೆ ಹೊಡೆದ ಮೇಲೆ ಮೊಹುಲ್ ನನ್ನ ಬೆಂಚಿನ ಬಳಿ ನಿಂತು, “ನಿನ್ನಿಂದ ಸಿಲಬಸ್ ಮುಗಿಯಲ್ಲ, ಗೊತ್ತಾ? ನಮಗೂ ಪರೀಕ್ಷೆ ಇದೆ,” ಎಂದಳು. ಈ ಸಲ ಕೆನ್ನೆ ಹಿಂಡಲಿಲ್ಲ. ನನಗೆ ಅದೇ ವಾಸಿ ಎನಿಸಿತು.

“ಹಾಗಾದ್ರೆ ನೋಟ್ಸ್ ಕೊಡು, ಕೈ ಇಳಿಸ್ತೀನಿ.”

ಅವಳು ನೋಟ್‌ಬುಕ್ಕನ್ನು ಬ್ಯಾಗಿಗೆ ಹಾಕಿಕೊಂಡು ಹೋದಳು.

ಶುಕ್ರವಾರ ಕ್ಯಾಂಟೀನಿಗೆ ಕಾಲಿಟ್ಟಾಗ ಒಂದು ಮೇಜಿನ ಸುತ್ತ ಗುಂಪು ಸೇರಿತ್ತು. ನಡುವೆ ಸ್ವಾಗ್ನಿಕ್. ಕೈಯನ್ನು ನೆಟ್ಟಗೆ ಮೇಲಕ್ಕೆತ್ತಿ, ಕಣ್ಣು ಅಗಲಿಸಿ, ತಲೆ ಕುಣಿಸುತ್ತ, “ಸಾರ್ ಸಾರ್, ವಾಟ್ ಈಸ್ ದಿ ಮೀನಿಂಗ್ ಸಾರ್” ಎನ್ನುತ್ತಿದ್ದ. ಜನ ಬಿದ್ದು ನಗುತ್ತಿದ್ದರು. ನಕಲು ಚೆನ್ನಾಗಿರಲಿಲ್ಲ. ನಾನು ತಲೆ ಕುಣಿಸಿರಲಿಲ್ಲ, ನನ್ನ ‘ಸರ್’ ಅಷ್ಟು ಉದ್ದವಿಲ್ಲ. ಅಲ್ಲದೆ ನಾನು ಮೊದಲು ಸರ್ ವಾಕ್ಯವನ್ನು ಒಪ್ಪಿಸಿ ಆಮೇಲೆ ಅರ್ಥ ಕೇಳುತ್ತಿದ್ದೆ, ಅದನ್ನು ಅವನು ಬಿಟ್ಟೇಬಿಟ್ಟಿದ್ದ.

ನನ್ನನ್ನು ನೋಡಿ ನಿಲ್ಲಿಸಿದ. “ಬಾ, ನೀನೇ ಮಾಡಿ ತೋರಿಸು. ನಿನ್ನದನ್ನ ನೀನು ಮಾಡಿದ್ರೇನೇ ಚೆಂದ.”

ಜಾಗ ಮಾಡಿಕೊಟ್ಟರು. ಖಾಲಿ ಕುರ್ಚಿಯನ್ನು ನನ್ನತ್ತ ಎಳೆದರು. ಮೇಜಿನ ಮೇಲೆ ಮೊಹುಲ್‌ಳ ನೋಟ್‌ಬುಕ್ ಇತ್ತು, ಮುಚ್ಚಿದ್ದು.

“ಇವತ್ತು ಎರಡನೇ ಪೀರಿಯಡ್ಡಿನಲ್ಲಿ, ನಿಯೋಗಿ ಸರ್ ಪಾಠದಲ್ಲೇ ಮಾಡ್ತೀನಿ,” ಎಂದು ಹೇಳಿ, ಚಹಾ ಕುಡಿಯದೆ ಮೊದಲ ಬೆಂಚು ಹಿಡಿಯಲು ಮೇಲೆ ಹೋದೆ.